ಟಿ-ಶರ್ಟ್ ತಡೆಯುವ ಮುನ್ನ ಪ್ರಿನ್ಸಿಪಾಲ್ ಉತ್ತರಿಸಬೇಕಾದ ಪ್ರಶ್ನೆ

ಅಮೆರಿಕದ ಸರ್ಕಾರಿ ಶಾಲೆಗಳಿಗೆ ಸಂಬಂಧಪಟ್ಟ ಕಾನೂನು ನನ್ನ ಕೆಲಸ. ಇಲ್ಲಿನ ಕನ್ನಡ ಪೋಷಕರಿಂದ ಎರಡು ಥರದ ಫೋನ್ ಬರುತ್ತವೆ. ‘ಮೇಡಂ, ಶಾಲೆಯಲ್ಲಿ ಗೇ ಮಕ್ಕಳ ಕ್ಲಬ್ ಇದೆಯಂತೆ, ಇದಕ್ಕೆಲ್ಲ ಪರ್ಮಿಷನ್ ಹೇಗೆ ಕೊಟ್ಟರು?’ ಅನ್ನುವವರು ಕೆಲವರು. ‘ಶಾಲೆ ಬಿಟ್ಟ ಮೇಲೆ ಅದೇ ಕೋಣೆಯಲ್ಲಿ ಬೈಬಲ್ ಕ್ಲಬ್ ನಡೆಸ್ತಾರಂತೆ, ಸರ್ಕಾರಿ ಶಾಲೆಯಲ್ಲಿ ಇದು ಸರೀನಾ?’ ಅನ್ನುವವರು ಇನ್ನು ಕೆಲವರು. ಎರಡೂ ಕ್ಲಬ್‌ಗಳಿಗೆ ಬಾಗಿಲು ತೆರೆದದ್ದು ಒಂದೇ ಕಾನೂನು ಅಂದರೆ ಇಬ್ಬರಿಗೂ ಸಿಟ್ಟು ಬರುತ್ತದೆ.

ಅದು 1984ರ ಈಕ್ವಲ್ ಆಕ್ಸೆಸ್ ಆಕ್ಟ್. ಇದಕ್ಕಾಗಿ ಹೆಚ್ಚು ಓಡಾಡಿದವರು ಕ್ರೈಸ್ತ ಸಂಘಟನೆಗಳು. ಕೇಂದ್ರದ ಹಣ ಪಡೆಯುವ ಸರ್ಕಾರಿ ಹೈಸ್ಕೂಲು ಪಾಠಕ್ಕೆ ಸಂಬಂಧವಿಲ್ಲದ ಒಂದೇ ಒಂದು ಕ್ಲಬ್ಬಿಗೆ ಜಾಗ ಕೊಟ್ಟರೂ ಸಾಕು, ಆಮೇಲೆ ಧರ್ಮ, ರಾಜಕೀಯ, ವಿಚಾರ ನೋಡಿ ಬೇರೆ ಕ್ಲಬ್ಬನ್ನು ತಳ್ಳುವ ಹಾಗಿಲ್ಲ. ನೆಬ್ರಾಸ್ಕಾದ ಒಮಾಹಾದಲ್ಲಿ ಒಂದು ಹೈಸ್ಕೂಲು ಚೆಸ್ ಕ್ಲಬ್ಬಿಗೂ ಸ್ಕೂಬಾ ಡೈವಿಂಗ್ ಕ್ಲಬ್ಬಿಗೂ ಹೂಂ ಅಂದು, ಕ್ರೈಸ್ತ ಕ್ಲಬ್ಬಿಗೆ ಮಾತ್ರ ಉಹೂಂ ಅಂದಿತ್ತು. 1990ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು.

ಆರು ವರ್ಷದಲ್ಲಿ ಅದೇ ಕಾನೂನು ಹಿಡಿದುಕೊಂಡು ಗೇ-ಸ್ಟ್ರೈಟ್ ಅಲಯನ್ಸ್ (ಸಲಿಂಗಿ ಮಕ್ಕಳೂ ಅವರ ಜೊತೆ ನಿಲ್ಲುವವರೂ ಸೇರಿದ ಕ್ಲಬ್) ಮಕ್ಕಳು ಬಂದರು. ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಶಾಲಾ ಮಂಡಳಿ ಪೇಚಿಗೆ ಸಿಕ್ಕಿತು. ಇವರಿಗೆ ಇಲ್ಲ ಅನ್ನಬೇಕಾದರೆ ಎಲ್ಲರಿಗೂ ಇಲ್ಲ ಅನ್ನಬೇಕು. ಹಾಗೇ ಮಾಡಿತು ಕೂಡ! 1996ರಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಕ್ಲಬ್‌ಗಳನ್ನೆಲ್ಲ ನಿಷೇಧಿಸಿತು. ಮಕ್ಕಳು ಬೀದಿಗಿಳಿದರು, ಕೇಸು ನಡೆಯಿತು, 2000ದಲ್ಲಿ ಮಂಡಳಿ ನಿಷೇಧ ತೆಗೆಯಿತು. ನೆಗಡಿಯಾಯಿತು ಅಂತ ಮೂಗು ಕೊಯ್ದುಕೊಂಡ ಹಾಗೆ, ಅಷ್ಟೆ.

ಕ್ಲಬ್ಬಿನ ವಿಷಯ ಹೀಗೆ ನೇರ. ಗೋಜಲು ಇರುವುದು ಟಿ-ಶರ್ಟಿನಲ್ಲಿ.

1996ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ‘ಡೇ ಆಫ್ ಸೈಲೆನ್ಸ್’ ಶುರುವಾಯಿತು. ಸಲಿಂಗಿ ವಿದ್ಯಾರ್ಥಿಗಳ ಮೇಲಿನ ಕಿರುಕುಳ ವಿರೋಧಿಸಿ ಒಂದು ದಿನ ಮೌನ. ಅದು ಹೈಸ್ಕೂಲುಗಳಿಗೂ ಹಬ್ಬಿತು. ಎದುರಿಗೆ 2005ರಲ್ಲಿ ಅಲಯನ್ಸ್ ಡಿಫೆನ್ಸ್ ಫಂಡ್ ಎಂಬ ಕ್ರೈಸ್ತ ವಕೀಲರ ಸಂಸ್ಥೆ ‘ಡೇ ಆಫ್ ಟ್ರೂತ್’ ಶುರು ಮಾಡಿತು. ಮರು ವರ್ಷ ಇಲಿನಾಯ್‌ನ ನೇಪರ್‌ವಿಲ್‌ನಲ್ಲಿ (ನಮ್ಮವರು ಜಾಸ್ತಿ ಇರುವ ಊರೇ) ಒಬ್ಬ ವಿದ್ಯಾರ್ಥಿನಿ ‘ಬಿ ಹ್ಯಾಪಿ, ನಾಟ್ ಗೇ’ ಎಂದು ಬರೆದ ಟಿ-ಶರ್ಟ್ ಹಾಕಿಕೊಂಡು ಬಂದಳು. ಶಾಲೆಯವರು ‘ನಾಟ್ ಗೇ’ ಮೇಲೆ ಶಾಯಿ ಬಳಿದರು, ವಿಷಯ ಕೋರ್ಟಿಗೆ ಹೋಯಿತು.

ಇಂಥ ಕೇಸಿಗೆಲ್ಲ ಬುನಾದಿ ಸುಪ್ರೀಂ ಕೋರ್ಟಿನ 1969ರ ಟಿಂಕರ್ ತೀರ್ಪು. ವಿಯೆಟ್ನಾಂ ಯುದ್ಧ ವಿರೋಧಿಸಿ ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದದ್ದರ ಬಗ್ಗೆ. ಪಾಠ ಗಂಭೀರವಾಗಿ ಕೆಡುತ್ತದೆ, ಇಲ್ಲವೇ ಇನ್ನೊಬ್ಬ ವಿದ್ಯಾರ್ಥಿಯ ಹಕ್ಕಿಗೆ ಧಕ್ಕೆ ಬರುತ್ತದೆ ಎಂದು ನಂಬಲು ಆಧಾರ ಇದ್ದರೆ ಮಾತ್ರ ಶಾಲೆ ತಡೆಯಬಹುದು. ನೇಪರ್‌ವಿಲ್ ಶಾಲೆ ತೋರಿಸಿದ ಆಧಾರಗಳಲ್ಲಿ ಒಂದು, ಟಿ-ಶರ್ಟ್ ಹಾಕಿದವಳನ್ನೇ ಬೇರೆ ಮಕ್ಕಳು ಗೋಳುಹೊಯ್ದುಕೊಂಡರು ಅನ್ನುವುದು! ಕೇಳುವವರು ಗಲಾಟೆ ಮಾಡುತ್ತಾರೆ ಅಂತ ಹೇಳುವವರ ಬಾಯಿ ಮುಚ್ಚಿಸುವ ಹಾಗಿಲ್ಲ ಎಂದಿತು ಅಪೀಲು ಕೋರ್ಟು. 2011ರಲ್ಲಿ ಅಂತಿಮವಾಗಿ ಆಕೆಗೂ ಜೊತೆಗೆ ಕೇಸು ಹಾಕಿದ್ದ ಇನ್ನೊಬ್ಬ ವಿದ್ಯಾರ್ಥಿಗೂ ತಲಾ 25 ಡಾಲರ್ ಪರಿಹಾರ ಖಾತ್ರಿಯಾಯಿತು.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಆ ಸಾಲು ಕಾರಿಡಾರಿನಲ್ಲಿ ನಡೆಯುವ ಸಲಿಂಗಿ ಹುಡುಗನಿಗೆ ಚುಚ್ಚುವುದಿಲ್ಲ ಅಂತಲ್ಲ. ಖಂಡಿತ ಚುಚ್ಚುತ್ತದೆ. ಆದರೆ ಪ್ರಿನ್ಸಿಪಾಲರಿಗೆ ಹಿಡಿಸದ ಮಾತನ್ನೆಲ್ಲ ಅಳಿಸುವ ಅಧಿಕಾರ ಕೊಟ್ಟರೆ, ಮುಂದಿನ ಊರಿನಲ್ಲಿ ಶಾಯಿ ಬೀಳುವುದು ಅದೇ ಹುಡುಗನ ಕಾಮನಬಿಲ್ಲಿನ ಟಿ-ಶರ್ಟ್ ಮೇಲೆ. ಒಬ್ಬ ಹುಡುಗನನ್ನೇ ಗುರಿಮಾಡಿ ಹೀಗಳೆದರೆ ಅದು ಕಿರುಕುಳ, ಅದನ್ನು ಶಾಲೆ ತಡೆಯಲೇಬೇಕು.

ಎಲ್ಲ ಕೋರ್ಟುಗಳೂ ಹೀಗೇ ಹೇಳುವುದಿಲ್ಲ. ಮ್ಯಾಸಚೂಸೆಟ್ಸ್‌ನ ಮಿಡಲ್‌ಬರೋದಲ್ಲಿ 2023ರಲ್ಲಿ ಏಳನೇ ತರಗತಿಯ ಹುಡುಗನೊಬ್ಬ ‘ಇರುವುದು ಎರಡೇ ಲಿಂಗ’ ಅನ್ನುವ ಅರ್ಥದ ಇಂಗ್ಲಿಷ್ ಸಾಲಿನ ಟಿ-ಶರ್ಟ್ ಹಾಕಿದ, ಶಾಲೆ ತಡೆಯಿತು. ಹುಡುಗನ ಪರ ವಾದಿಸಿದ್ದು, ‘ಡೇ ಆಫ್ ಟ್ರೂತ್’ ಶುರು ಮಾಡಿದ್ದ, ಆಮೇಲೆ ಹೆಸರು ಬದಲಿಸಿಕೊಂಡ ಅದೇ ವಕೀಲರ ಸಂಸ್ಥೆ. ಅಲ್ಲಿನ ಅಪೀಲು ಕೋರ್ಟು 2024ರಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಮರು ವರ್ಷ ಸುಪ್ರೀಂ ಕೋರ್ಟ್ ಆ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ.

ಹಾಗಾಗಿ ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದು, ಯಾವ ರಾಜ್ಯ, ಖಾಸಗಿ ಶಾಲೆಯಲ್ಲ ತಾನೇ ಅಂತ. ಖಾಸಗಿ ಶಾಲೆಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಆಮೇಲೆ ಡ್ರೆಸ್ ಕೋಡ್ ತರಿಸಿಕೊಳ್ಳಿ ಅನ್ನುತ್ತೇನೆ. ತಡೆದದ್ದಕ್ಕೆ ಕಾರಣವನ್ನು ಶಾಲೆಯಿಂದ ಬರಹದಲ್ಲಿ ಕೇಳಿ. ಎದುರು ಅಭಿಪ್ರಾಯದ ಟಿ-ಶರ್ಟ್ ಆ ವಾರ ಅದೇ ಶಾಲೆಯಲ್ಲಿ ಓಡಾಡಿದ್ದರೆ, ಅದನ್ನೂ ಬರೆದಿಟ್ಟುಕೊಳ್ಳಿ.