ಓದುಗರ ಪ್ರಶ್ನೆ: ಹಳೇ ಪಿಕಪ್‌ಗೆ ಥರ್ಮೋಸ್ಟಾಟ್ ಬೇಕೋ ಬೇಡವೋ?

ಪ್ರಶ್ನೆ: “ಹಳೇ ಬೊಲೆರೊ ಪಿಕಪ್ ತಗೊಂಡೀನ್ರಿ. ಅದರಾಗ ಥರ್ಮೋಸ್ಟಾಟ್ ಇಲ್ಲ, ಹಿಂದಿನ ಮಾಲಕರು ತಗಸಿ ಬಿಟ್ಟಾರ. ಹೊಸಾದು ಹಾಕಸ್ಲೇನು ಅಂದ್ರ ಮಿಸ್ತ್ರಿ ‘ನಮ್ಮ ಬಿಸಲಿಗೆ ಅದು ಬ್ಯಾಡ್ರಿ, ಗಾಡಿ ಹೀಟ್ ಆಗ್ತೈತಿ’ ಅಂತಾರ. ಯಾರ ಮಾತು ಕೇಳೋದು?”

ಹಾಕಿಸಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಏನಾಗುತ್ತದೆಂದು ಗೊತ್ತಿದೆ. ನೀವು ಅಂಗಡಿಗೆ ಹೋಗಿ ಥರ್ಮೋಸ್ಟಾಟ್ ತಂದು ಅದೇ ಮಿಸ್ತ್ರಿಯ ಕೈಗೆ ಕೊಡುತ್ತೀರಿ. ಆತ ಅದನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟು, “ಸುಮ್ನ ಯಾಕ್ರಿ” ಎಂದು ಗಾಡಿ ವಾಪಸ್ ಕೊಡುತ್ತಾನೆ. ಯುಗಾದಿ ಕಳೆದು ಬಿಸಿಲು ಏರಿತೆಂದರೆ ಇದೇ ಪ್ರಶ್ನೆ ಮತ್ತೆ ಹುಟ್ಟುತ್ತದೆ. ಗಾಡಿಯ ನಂಬರು ಕೆಎ-25 ಇರಲಿ, 26 ಇರಲಿ, 27 ಇರಲಿ, ಬೊಲೆರೊ ಇರಲಿ, ಟಾಟಾ 207 ಇರಲಿ, ಪ್ರಶ್ನೆ ಮಾತ್ರ ಒಂದೇ. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ.

ಥರ್ಮೋಸ್ಟಾಟ್ ಎಂದರೆ ಒಳಗೆ ಮೇಣ ತುಂಬಿದ ಸಣ್ಣ ಹಿತ್ತಾಳೆ ಡಬ್ಬಿ ಮತ್ತು ಅದಕ್ಕೆ ಜೋಡಿಸಿದ ವಾಲ್ವು. ಎಂಜಿನ್ ತಣ್ಣಗಿರುವಾಗ ಅದು ರೇಡಿಯೇಟರಿನ ದಾರಿ ಮುಚ್ಚಿರುತ್ತದೆ. ನೀರು ಬೈಪಾಸ್ ದಾರಿಯಲ್ಲಿ ಎಂಜಿನ್ ಒಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಸಾಮಾನ್ಯವಾಗಿ 82 ಡಿಗ್ರಿಯ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗಿ ವಾಲ್ವನ್ನು ತಳ್ಳಲು ಶುರುಮಾಡುತ್ತದೆ, 95ರ ಹೊತ್ತಿಗೆ ಪೂರ್ತಿ ತೆರೆಯುತ್ತದೆ. ನಿಮ್ಮ ಗಾಡಿಯದು ಎಷ್ಟೆಂದು ಅದರ ತಗಡಿನ ಮೇಲೇ ಅಚ್ಚು ಹಾಕಿರುತ್ತಾರೆ.

ಈಗ ಮುಖ್ಯ ವಿಷಯ. ಥರ್ಮೋಸ್ಟಾಟನ್ನು ಕೈಯಲ್ಲಿ ಹಿಡಿದು ಕೆಳತುದಿ ನೋಡಿ. ಬಹಳಷ್ಟು ಡೀಸೆಲ್ ಎಂಜಿನ್ನುಗಳದರಲ್ಲಿ ಅಲ್ಲಿ ರೂಪಾಯಿ ನಾಣ್ಯದಂಥ ಒಂದು ಬಿಲ್ಲೆ, ಅದಕ್ಕೊಂದು ಸಣ್ಣ ಸ್ಪ್ರಿಂಗು ಇರುತ್ತದೆ. ಆ ಬಿಲ್ಲೆ ಶೋಭೆಗೆ ಇಟ್ಟದ್ದಲ್ಲ. ಮೇಲಿನ ವಾಲ್ವು ರೇಡಿಯೇಟರಿನ ದಾರಿ ತೆರೆಯುತ್ತಿದ್ದಂತೆ ಈ ಬಿಲ್ಲೆ ಕೆಳಗಿಳಿದು ಬೈಪಾಸ್ ರಂಧ್ರವನ್ನು ಮುಚ್ಚುತ್ತದೆ. ಬಿಸಿನೀರೆಲ್ಲ ರೇಡಿಯೇಟರಿಗೇ ಹೋಗಲೇಬೇಕು, ಬೇರೆ ದಾರಿಯಿಲ್ಲ. ಥರ್ಮೋಸ್ಟಾಟ್ ತೆಗೆದು ಒಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳಿಗಿಂತ ಬೈಪಾಸ್ ದಾರಿ ಸಲೀಸು. ನೀರಿನ ದೊಡ್ಡ ಪಾಲು ತಣ್ಣಗಾಗದೆ ನೇರವಾಗಿ ವಾಟರ್ ಪಂಪಿಗೆ ಮರಳಿ ಮತ್ತೆ ಎಂಜಿನ್ನಿಗೆ ನುಗ್ಗುತ್ತದೆ.

ಪರಿಣಾಮ ಏನು? ಖಾಲಿ ಗಾಡಿಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಶಾಖ ಕಡಿಮೆ ಹುಟ್ಟುತ್ತದೆ. ರೇಡಿಯೇಟರಿಗೆ ಹೋದ ಅಷ್ಟಿಷ್ಟು ನೀರೇ ಸಾಕಾಗಿ ಟೆಂಪರೇಚರ್ ಮೀಟರಿನ ಮುಳ್ಳು ಮೇಲೇಳುವುದೇ ಇಲ್ಲ. ಮಾಲಕರು ಖುಷ್. ಅದೇ ಗಾಡಿ ಅಂಕೋಲಾದಿಂದ ಮೀನಿನ ಲೋಡು ಹೇರಿಕೊಂಡು ಅರಬೈಲ್ ಘಾಟ್ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತದೆ, ಆದರೆ ನೀರಿನ ಒಂದು ಪಾಲು ಮಾತ್ರ ತಣ್ಣಗಾಗಿ ಬರುತ್ತದೆ. ಮುಳ್ಳು ಕೆಂಪಿಗೆ ಹೋಗುತ್ತದೆ. ಬಿಸಿ ಇರಬೇಕಾದಾಗ ತಂಪು, ತಂಪು ಬೇಕಾದಾಗ ಬಿಸಿ. ಹೀಟ್ ಆಗಬಾರದೆಂದು ಮಾಡಿದ ಕೆಲಸವೇ ಹೀಟ್ ಮಾಡಿಸುತ್ತದೆ.

ಇದನ್ನು ಬಲ್ಲ ಕೆಲವು ಮಿಸ್ತ್ರಿಗಳು ಬೈಪಾಸ್ ಬಾಯಿಗೆ ಡಾಟು ಬಡಿದು ಬಿಡುತ್ತಾರೆ. ಘಾಟಿನ ಸಮಸ್ಯೆ ಅದರಿಂದ ಕಡಿಮೆಯಾಗುವುದು ನಿಜ. ಆದರೆ ಆ ಎಂಜಿನ್ ಬಾಕಿ ಹೊತ್ತೆಲ್ಲ ಇನ್ನಷ್ಟು ತಣ್ಣಗೇ ಓಡುತ್ತದೆ. ಮುಂದೆ ಯಾರಾದರೂ ತಿಳಿಯದೆ ಥರ್ಮೋಸ್ಟಾಟ್ ಕೂರಿಸಿದರೋ, ತಣ್ಣಗಿರುವಾಗ ನೀರಿಗೆ ಸುತ್ತಲು ದಾರಿಯೇ ಇರುವುದಿಲ್ಲ. ನೀವು ಕೊಂಡ ಗಾಡಿಯಲ್ಲಿ ಡಾಟು ಇದೆಯೇ ಎಂದು ಹೌಸಿಂಗ್ (ಥರ್ಮೋಸ್ಟಾಟ್ ಕೂರುವ ಗೂಡು) ಬಿಚ್ಚಿದಾಗ ಬೆರಳಾಡಿಸಿ ನೋಡಿ. ಇದ್ದರೆ ಮೊದಲು ಅದನ್ನು ಕೀಳಿಸಿ.

ಥರ್ಮೋಸ್ಟಾಟಿನ ಪರ ವಾದಿಸುವವರೂ ಒಂದು ತಪ್ಪು ಕಾರಣ ಹೇಳುತ್ತಾರೆ, ಅದನ್ನೂ ಇಲ್ಲೇ ಮುಗಿಸಿಬಿಡೋಣ. “ಅದು ಇಲ್ಲದಿದ್ದರೆ ನೀರು ಜೋರಾಗಿ ಓಡಿ ರೇಡಿಯೇಟರಿನಲ್ಲಿ ತಣ್ಣಗಾಗಲು ಟೈಮ್ ಸಿಗಲ್ಲ” ಎಂಬುದು ಸುಳ್ಳು. ರೇಡಿಯೇಟರಿನೊಳಗೆ ನೀರು ಜೋರಾಗಿ ಹರಿದಷ್ಟೂ ಹೊರಹೋಗುವ ಶಾಖ ಹೆಚ್ಚೇ ಹೊರತು ಕಡಿಮೆಯಲ್ಲ. ತೊಂದರೆ ವೇಗದ್ದಲ್ಲ, ದಾರಿ ತಪ್ಪಿದ್ದರದು.

ಹಾಗಾದರೆ ಇಷ್ಟು ಜನ ಅನುಭವಸ್ಥರು ತೆಗೆಸಿರೆಂದು ಯಾಕೆ ಹೇಳುತ್ತಾರೆ? ಅವರು ಕಂಡದ್ದು ಸುಳ್ಳಲ್ಲ. ಮುಚ್ಚಿದಲ್ಲೇ ಜಾಮ್ ಆದ ಥರ್ಮೋಸ್ಟಾಟನ್ನು ಕಿತ್ತರೆ ಹೀಟ್ ಅಂದೇ ನಿಲ್ಲುತ್ತದೆ. ಕೆಟ್ಟದ್ದನ್ನು ಕಿತ್ತದ್ದು ಸರಿ, ಒಳ್ಳೆಯದನ್ನು ಹಾಕದೆ ಬಿಟ್ಟದ್ದು ತಪ್ಪು. ಹೊಸದರ ಬೆಲೆ ಕೆಲವು ನೂರು ರೂಪಾಯಿ. ಅಷ್ಟು ಉಳಿಸಲು ಹೋಗಿ ಹುಟ್ಟಿದ ಶಾಸ್ತ್ರ ಇದು. ಬಿಸಿಲಿನ ಮಾತಂತೂ ಬಿಡಿ. ಗದಗಿನಲ್ಲಿ ಹೊರಗೆ 40 ಡಿಗ್ರಿ ಇದ್ದರೂ ಎಂಜಿನ್ನಿಗೆ ಬೇಕಾದದ್ದು 85ರ ಮೇಲೆ. ಬಿಸಿ ಸಾಕಷ್ಟಾದಾಗ ಥರ್ಮೋಸ್ಟಾಟ್ ತಾನೇ ತೆರೆದುಕೊಳ್ಳುತ್ತದೆ, ಅದಕ್ಕೆ ಊರು ಯಾವುದಾದರೇನು?

ತಣ್ಣಗೆ ಓಡಿದರೆ ಏನು ನಷ್ಟ ಎಂದೂ ಕೇಳುತ್ತಾರೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಬೇಕು. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಹೊತ್ತಿಕೊಳ್ಳುವುದು ತಡವಾಗುತ್ತದೆ. ಟಕಟಕ ಸದ್ದು, ಬೆಳಗಿನ ಬಿಳಿ ಹೊಗೆ, ಡೀಸೆಲ್ ಖರ್ಚು ಮೂರೂ ಹೆಚ್ಚುತ್ತವೆ. ಉರಿಯದ ಡೀಸೆಲ್ ಗೋಡೆಯ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ, ಪಿಸ್ಟನ್ನಿನ ರಿಂಗು ಮತ್ತು ಲೈನರ್ (ಸಿಲಿಂಡರಿನ ಒಳಗೋಡೆ) ಸವೆಯುತ್ತವೆ, ಆಯಿಲ್ ತೆಳುವಾಗುತ್ತದೆ. ಉರಿದಾಗ ಹುಟ್ಟುವ ನೀರಾವಿ ಹೊರಗೆ ಹೋಗದೆ ಆಯಿಲಿನಲ್ಲೇ ಕೂತು ಕೆಸರಾಗುತ್ತದೆ. ಹಿಂದೆ ಡೀಸೆಲ್ಲಿನ ಗಂಧಕದಿಂದ ಆಮ್ಲವೂ ಆಗುತ್ತಿತ್ತು. 2020ರ ಏಪ್ರಿಲ್‌ನಿಂದ ಬಿಎಸ್-6 ಡೀಸೆಲ್ ಬಂದು ಗಂಧಕ 10 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ 10 ಪಾಲಿಗೆ, ಇಳಿದ ಮೇಲೆ ಆ ಭಯ ಬಹಳ ಕಡಿಮೆಯಾಗಿದೆ, ಉಳಿದವು ಹಾಗೇ ಇವೆ. ಕಾಮನ್ ರೇಲ್ ಗಾಡಿಯಾದರೆ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಎಂಜಿನ್ನಿನದು) ಇನ್ನೊಂದು: ನೀರಿನ ಸೆನ್ಸರ್ “ಎಂಜಿನ್ ಇನ್ನೂ ತಣ್ಣಗಿದೆ” ಎಂದು ಸುದ್ದಿ ಕೊಡುತ್ತಲೇ ಇರುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದಕ್ಕೆ ತಕ್ಕಂತೆ ಡೀಸೆಲ್ ಸುರಿಯುತ್ತಲೇ ಇರುತ್ತದೆ.

ಹೊಸದನ್ನು ಹಾಕುವ ಮೊದಲು ಪರೀಕ್ಷಿಸಿ, ಹೊಸದೂ ಕೆಟ್ಟಿರಬಹುದು. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಕಾಯಿಸಿ. ಜ್ವರ ನೋಡುವ ಥರ್ಮಾಮೀಟರ್ ಅಲ್ಲ, ಅದು ಒಡೆಯುತ್ತದೆ. ಅಚ್ಚಾದ ಸಂಖ್ಯೆಗೆ ಎರಡು-ಮೂರು ಡಿಗ್ರಿ ಆಚೀಚೆ ಬಾಯಿ ಬಿಡಬೇಕು, ಕುದಿಯುವ ಹೊತ್ತಿಗೆ ಸುಮಾರು 8 ಮಿಲಿಮೀಟರ್ ತೆರೆದಿರಬೇಕು, ತಣ್ಣೀರಿಗೆ ಹಾಕಿದರೆ ಪೂರ್ತಿ ಮುಚ್ಚಬೇಕು.

ಕೂರಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ರೇಡಿಯೇಟರಿನ ಕೆಳಗಿನ ಡಾಟಿನಿಂದ ಮೂರು-ನಾಲ್ಕು ಲೀಟರ್ ಇಳಿಸಿದರೆ ನೀರಿನ ಮಟ್ಟ ಹೌಸಿಂಗಿನ ಕೆಳಗೆ ಬರುತ್ತದೆ. ಹಳೇ ಗಾಡಿಯ ಹೌಸಿಂಗ್ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಇಲ್ಲದಿದ್ದರೆ ತಲೆ ಮುರಿಯುತ್ತವೆ. ಸ್ಪ್ರಿಂಗು ಮತ್ತು ಮೇಣದ ಡಬ್ಬಿಯ ಕಡೆ ಎಂಜಿನ್ ಒಳಕ್ಕೆ ಇರಬೇಕು. ತಗಡಿನ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ, ಗಾಳಿ ಹೋಗುವ ದಾರಿ ಅದು. ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆದು ಹೊಸದು ಹಾಕಿ. ಅಲ್ಯೂಮಿನಿಯಂ ಹೌಸಿಂಗಿನ ಮೇಲೆ ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿಯುವ ಶೌರ್ಯ ಬೇಡ. ನೀರು ತುಂಬುವಾಗ ಗಾಡಿಯ ಮೂತಿ ಏರಿನ ಕಡೆ ಇರಲಿ, ನಿಧಾನವಾಗಿ ಸುರಿಯಿರಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ. ಗಾಳಿ ಸಿಕ್ಕಿಕೊಂಡು ಹೀಟ್ ಆದರೆ ಬೈಗುಳ ಮತ್ತೆ ಪಾಪದ ಥರ್ಮೋಸ್ಟಾಟಿಗೇ.

ಹಾಕಿದ ಮೇಲೂ ಹೀಟ್ ಆದರೆ ಅದು ಮೊದಲಿನಿಂದ ಇದ್ದ ರೋಗ. ನಮ್ಮ ಕಡೆ ಮೊದಲ ಆರೋಪಿ ರೇಡಿಯೇಟರಿನ ಹೊರಮೈ. ಹತ್ತಿಯ ನಾರು, ಗೋವಿನಜೋಳದ ಹೊಟ್ಟು, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧೂಳು ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂರುತ್ತವೆ. ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಒತ್ತಡದಲ್ಲಿ ಬಿಟ್ಟು ತೊಳೆಯಿರಿ. ವಾಷಿಂಗ್ ಸೆಂಟರಿನ ಗನ್ನು ಹತ್ತಿರ ಹಿಡಿದರೆ ರೆಕ್ಕೆಗಳೆಲ್ಲ ಮಡಚಿ ಇನ್ನೊಂದು ತೊಂದರೆ ಶುರು. ಆಮೇಲೆ ಫ್ಯಾನ್ ಬೆಲ್ಟು: ನಡುವೆ ಹೆಬ್ಬೆರಳಿಂದ ಒತ್ತಿದರೆ 10–12 ಮಿಲಿಮೀಟರ್ ತಗ್ಗಬೇಕು. ವಿಸ್ಕಸ್ ಫ್ಯಾನ್ (ಬಿಸಿಗೆ ತಕ್ಕಂತೆ ಹಿಡಿತ ಬಿಗಿಯಾಗುವ ಫ್ಯಾನ್) ಇದ್ದರೆ ಬಿಸಿ ಎಂಜಿನ್ ಬಂದ್ ಮಾಡಿ ಕೈಯಿಂದ ತಿರುಗಿಸಿ. ತಡೆ ಇರಬೇಕು, ಸಲೀಸಾಗಿ ಸುತ್ತುತ್ತಲೇ ಇದ್ದರೆ ಅದು ಸತ್ತಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನಂತೆ ಬಿಗಿದರೆ, ಅಥವಾ ರೇಡಿಯೇಟರ್ ಬಾಯಲ್ಲಿ ಒಂದೇಸಮ ಗುಳ್ಳೆ ಎದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕು ಮತ್ತು ಹೆಡ್ಡಿನ ನಡುವಿನ ಸೀಲು) ಹೋಗಿದೆ ಎಂದೇ ತಿಳಿಯಿರಿ.

ರೇಡಿಯೇಟರ್ ಕ್ಯಾಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಆ ಕುದಿಬಿಂದುವನ್ನು ಇನ್ನೂ 15–20 ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ರಬ್ಬರ್ ಹರಿದ ಕ್ಯಾಪ್ ಇದ್ದರೆ ಆ ಲಾಭವೆಲ್ಲ ಸೋರಿಹೋಗುತ್ತದೆ.

ಇನ್ನು ನೀರು. ಗದಗ ಸೀಮೆಯ ಬೋರ್‌ವೆಲ್ ನೀರಿನ ಗಡಸುತನ ಅಲ್ಲಿಯ ಹಂಡೆಗಳಿಗೆ ಗೊತ್ತು. ಹಂಡೆಯ ತಳಕ್ಕೆ ಅಂಟುವ ಬಿಳಿ ಹೆಪ್ಪೇ ರೇಡಿಯೇಟರಿನ ಕೊಳವೆಗಳಲ್ಲೂ ಲೈನರಿನ ಸುತ್ತಲೂ ಕೂರುತ್ತದೆ. ಹಿತ್ತಾಳೆ-ತಾಮ್ರದ ರೇಡಿಯೇಟರಾದರೆ ಟ್ಯಾಂಕ್ ಬಿಚ್ಚಿಸಿ ರಾಡಿಂಗ್ (ಕೊಳವೆಗಳೊಳಗೆ ಸಲಾಕೆ ಆಡಿಸಿ ಹೆಪ್ಪು ತೆಗೆಯುವುದು) ಮಾಡಿಸಬಹುದು. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಸೋಡಾದ ಹತ್ತಿರವೂ ಒಯ್ಯಬೇಡಿ, ಲೋಹವೇ ಕರಗುತ್ತದೆ. ತೊಳೆಸಿದ ಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಪಾಲು. “ಕೂಲಂಟ್ ಹಿಮ ಬೀಳೋ ಊರಿಗೆ” ಎನ್ನುವವರಿಗೆ: ಅದರಲ್ಲಿರುವ ತುಕ್ಕುನಿರೋಧಕಕ್ಕೆ ಹಿಮದ ಹಂಗಿಲ್ಲ. ರೇಡಿಯೇಟರ್ ಡಾಟು ಮಾತ್ರ ತೆಗೆದರೆ ಬ್ಲಾಕಿನಲ್ಲಿ ಹಳೇ ನೀರು ಉಳಿಯುತ್ತದೆ, ಬ್ಲಾಕಿನ ಡಾಟನ್ನೂ ತೆಗೆಯಿರಿ.

ಗಾಡಿ ಹೊಸದಾಗಿ ಕೈಗೆ ಬಂದಿರುವುದರಿಂದ ಉಳಿದ ಕೆಲಸ ನಿಮಗೆ ಗೊತ್ತಿದ್ದದ್ದೇ: ಡೀಸೆಲ್ ಮತ್ತು ಏರ್ ಫಿಲ್ಟರ್, ಗೇರ್ ಮತ್ತು ಡಿಫರೆನ್ಷಿಯಲ್ ಆಯಿಲ್, ಬ್ರೇಕ್ ಆಯಿಲ್, ವ್ಹೀಲ್ ಬೇರಿಂಗ್ ಮತ್ತು ಯುಜೆ ಕ್ರಾಸಿಗೆ (ಪ್ರೊಪೆಲ್ಲರ್ ಶಾಫ್ಟಿನ ಕೀಲು) ಗ್ರೀಸು. ಫಿಲ್ಟರ್ ಬದಲಿಸಿ ಗಾಳಿ ತೆಗೆಯುವಾಗ ಕಾಮನ್ ರೇಲ್ ಗಾಡಿಯ ಇಂಜೆಕ್ಟರ್ ಪೈಪನ್ನು ಹಳೇ ಡೀಸೆಲ್ ಪಂಪಿನ ಗಾಡಿಯಂತೆ ಸಡಿಲಿಸಬೇಡಿ. ಅಲ್ಲಿರುವ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಎಂಜಿನ್ ಆಯಿಲ್ ಎಂದಾಗ, ನೀವು ಕೇಳದಿದ್ದರೂ ಒಂದು ಮಾತು. “ನಿನ್ನೆ ಬದಲಿಸಿದ ಆಯಿಲ್ ಇವತ್ತು ಕರ್‍ರಗಾಗೇತಿ, ಮಿಸ್ತ್ರಿ ಹಳೇದನ್ನೇ ಹಾಕ್ಯಾನ” ಎಂದು ಜಗಳಕ್ಕೆ ಹೋಗಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಹುಟ್ಟುತ್ತದೆ, ಆ ಮಸಿಯನ್ನು ಎಲ್ಲೂ ಕೂರಗೊಡದೆ ತೇಲಿಸಿಕೊಂಡಿರುವುದೇ ಒಳ್ಳೆಯ ಆಯಿಲಿನ ಕೆಲಸ. ಹಳೆಯದರ ಸ್ವಲ್ಪ ಭಾಗ ಎಂಜಿನ್ನಿನಲ್ಲಿ ಉಳಿದೂ ಇರುತ್ತದೆ. ಕಪ್ಪಾಗದಿದ್ದರೇ ಅನುಮಾನ ಪಡಬೇಕು. ಪೂರ್ವೇತಿಹಾಸ ತಿಳಿಯದ ಗಾಡಿಗೆ 15ಡಬ್ಲ್ಯು-40 ದಪ್ಪದ, ಸಿಐ-4 ದರ್ಜೆಯ ಆಯಿಲ್ ಹಾಕಿ, ಹಳೇ ಕೆಸರು ಸಡಿಲಾಗಿ ಬರುವುದರಿಂದ ಮೊದಲ ಸಲ 1,500–2,000 ಕಿಲೋಮೀಟರಿಗೇ ಫಿಲ್ಟರ್ ಸಮೇತ ಮತ್ತೊಮ್ಮೆ ಬದಲಿಸಿ.

ನೋಡಬೇಕಾದದ್ದು ಬಣ್ಣವಲ್ಲ, ಮಟ್ಟ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ವಾರದಿಂದ ವಾರಕ್ಕೆ ಏರುತ್ತಿದ್ದು ಡೀಸೆಲ್ ವಾಸನೆ ಹೊಡೆದರೆ ಇಂಜೆಕ್ಟರ್ ಸೋರುತ್ತಿದೆ, ಅಥವಾ ಥರ್ಮೋಸ್ಟಾಟ್ ಇಲ್ಲದೆ ಬಹಳ ಕಾಲ ತಣ್ಣಗೆ ಓಡಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ತೆಳುವಾದ ಕೆನೆ ಕಂಡರೆ ಅದು ನೀರಾವಿಯ ಪಸೆ. ಥರ್ಮೋಸ್ಟಾಟ್ ಹಾಕಿ ಒಂದೆರಡು ದೂರದ ಟ್ರಿಪ್ ಹೊಡೆದರೆ ಹೋಗುತ್ತದೆ. ಡಿಪ್‌ಸ್ಟಿಕ್ಕೇ ಹಾಲು ಬೆರೆತ ಚಹಾದ ಬಣ್ಣದ್ದಾಗಿದ್ದರೆ ಕೂಲಂಟ್ ಆಯಿಲಿಗೆ ಸೇರಿದೆ. ಆಗ ಗಾಡಿ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.