ಹೈಡ್ರೋಸ್ಟಾಟಿಕ್ ಮಿನಿ ಟ್ರಾಕ್ಟರ್ ನಮ್ಮ ಏರಿನಲ್ಲಿ ಎಷ್ಟು ವರ್ಷ ಬಾಳುತ್ತೆ?

ಪ್ರಶ್ನೆ: ಅಣ್ಣ, ನಮ್ಮದು ವಿರಾಜಪೇಟೆ ಕಡೆ. ಆರು ಎಕರೆ ಕಾಫಿ, ಕೆಳಗೆ ಸ್ವಲ್ಪ ಗದ್ದೆ. ತೋಟ ಪೂರ್ತಿ ಏರು ಇಳಿಜಾರು. ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್, ಅಂದರೆ ಎಂಜಿನ್ ಬಲವನ್ನು ಆಯಿಲ್ ಒತ್ತಡದಿಂದ ಚಕ್ರಕ್ಕೆ ಕಳಿಸುವ ವ್ಯವಸ್ಥೆ ಇರುವ ಸೆಕೆಂಡ್ ಹ್ಯಾಂಡ್ ಮಿನಿ ಟ್ರಾಕ್ಟರ್ ಒಂದು ಮಾರಾಟಕ್ಕಿದೆ. ಮೀಟರ್‌ನಲ್ಲಿ 1,100 ಗಂಟೆ ಇದೆ. "ಅದರ ಆಯಸ್ಸು ಮುಗೀತು, ಆಯಿಲ್ ಮೇಲೆ ಓಡುವ ಗಾಡಿ ಏರಿಗೆ ತಡೆಯಲ್ಲ" ಅಂತ ಎಲ್ಲರೂ ಹೇಳ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಅದಕ್ಕೇ ಈ ಸಲ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

1,100 ಗಂಟೆಗೆ ಆಯಸ್ಸು ಮುಗಿಯುವುದಿಲ್ಲ. ಆಯಿಲ್, ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದ ಟ್ರಾಕ್ಟರ್ 3,000 ಗಂಟೆ ದಾಟುವುದು ದೊಡ್ಡ ಮಾತಲ್ಲ. 5,000 ದಾಟಿದವೂ ಇವೆ. ದಿನಕ್ಕೆ ಎರಡು ಗಂಟೆಯಂತೆ ವರ್ಷದಲ್ಲಿ 150 ದಿನ ಓಡಿಸಿದರೂ 300 ಗಂಟೆ ಅಷ್ಟೇ. 3,000 ಗಂಟೆ ಅಂದರೆ ಹತ್ತು ವರ್ಷ. ಸಾವಿರ ಗಂಟೆಯ ಮಾತು ಹುಲ್ಲು ಕತ್ತರಿಸುವ ಸಣ್ಣ ಗಾಡಿಗಳಿಗೆ ಹೆಚ್ಚು ಹೊಂದುತ್ತದೆ. ಅಂಥ ಎಷ್ಟೋ ಗಾಡಿಗಳಲ್ಲಿ ಟ್ರಾನ್ಸ್‌ಮಿಷನ್ ಸೀಲ್ ಆಗಿರುತ್ತದೆ, ಬದಲಿಸಲು ಫಿಲ್ಟರ್ ಕೂಡ ಇರುವುದಿಲ್ಲ. ಟ್ರಾಕ್ಟರಿನ ಕಥೆಯೇ ಬೇರೆ.

ಈಗ ಆ ಇನ್ನೊಂದು ಮಾತಿಗೆ ಬರೋಣ. "ಆಯಿಲ್ ಮೇಲೆ ಓಡುವ ಗಾಡಿ ಏರಿಗೆ ತಡೆಯಲ್ಲ." ಇದನ್ನು ಗೋಣಿಕೊಪ್ಪದ ಸಂತೆಯಲ್ಲೂ ಕೇಳಿದ್ದೇನೆ, ಮದುವೆ ಊಟದಲ್ಲೂ ಕೇಳಿದ್ದೇನೆ. ಹೇಳಿದವರಲ್ಲಿ ಹೆಚ್ಚಿನವರು ಅಂಥ ಗಾಡಿಯ ಮೇಲೆ ಕೂತವರೇ ಅಲ್ಲ. ನಮ್ಮಲ್ಲಿ ಮಾರುವ ಮಿನಿ ಟ್ರಾಕ್ಟರ್‌ಗಳಲ್ಲಿ ಹೆಚ್ಚಿನವು ಗೇರಿನವು, ಹಾಗಾಗಿ ಪರಿಚಯ ಕಡಿಮೆ. ಅದು ತಪ್ಪಲ್ಲ. ಆದರೆ ಗೊತ್ತಿಲ್ಲದೆ ಇನ್ನೊಬ್ಬರ ವ್ಯಾಪಾರ ಕೆಡಿಸುವುದು ಸರಿಯಲ್ಲ.

ಪುತ್ತರಿ ಹಬ್ಬ ಕಳೆದ ಮೇಲೆ ಗದ್ದೆಗೆ ಬರುತ್ತದಲ್ವಾ, ಚೈನ್ ಮೇಲೆ ಓಡುವ ಭತ್ತದ ಕೊಯ್ಲು ಮೆಷಿನ್? ಅಂಥವು ಓಡುವುದು ಹೈಡ್ರೋಸ್ಟಾಟಿಕ್ ಮೇಲೇ. ಮಳೆ ನಿಂತ ಮೇಲೆ ರಸ್ತೆಗೆ ಬರುವ ವೈಬ್ರೇಟರ್ ರೋಲರ್ ಕೂಡ ಹಾಗೇ. ಏರು ಹತ್ತುತ್ತಾ ಡ್ರಮ್ ತಿರುಗಿಸಿಕೊಂಡು ಹೋಗುವ ಕಾಂಕ್ರೀಟ್ ಲಾರಿ ನೋಡಿದ್ದೀರಲ್ಲ, ಅಷ್ಟು ಟನ್ ಜಲ್ಲಿ ಸಿಮೆಂಟನ್ನು ತಿರುಗಿಸುವುದೂ ಇದೇ ಜಾತಿಯ ಪಂಪು ಮತ್ತು ಮೋಟಾರು. ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 656 ಹೈಡ್ರೋ ಎಂಬ ಟ್ರಾಕ್ಟರನ್ನು ಮಾರಾಟಕ್ಕೆ ತಂದಿದ್ದು 1967ರಲ್ಲಿ.

ಒಳಗೆ ಏನಾಗುತ್ತೆ ಅಂತ ತಿಳಿದರೆ ಭಯ ತಾನಾಗಿ ಹೋಗುತ್ತದೆ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಆ ಪಂಪಿನಲ್ಲಿ ದುಂಡಗೆ ಜೋಡಿಸಿದ ಪಿಸ್ಟನ್‌ಗಳಿವೆ, ಎದುರಿಗೆ ಓರೆಯಾಗುವ ಒಂದು ತಟ್ಟೆ ಇದೆ. ಅದೇ ಸ್ವಾಶ್ ಪ್ಲೇಟ್. ನೀವು ಪೆಡಲ್ ಒತ್ತಿದಷ್ಟೂ ತಟ್ಟೆ ಓರೆಯಾಗುತ್ತದೆ, ಪಿಸ್ಟನ್ ಜಾಸ್ತಿ ಆಯಿಲ್ ತಳ್ಳುತ್ತದೆ. ಆ ಆಯಿಲ್ ಮೋಟಾರನ್ನು ತಿರುಗಿಸುತ್ತದೆ. ಮೋಟಾರಿನಿಂದ ಚಕ್ರದವರೆಗೆ ಮತ್ತೆ ಮಾಮೂಲಿ ಕಬ್ಬಿಣದ ಗೇರುಗಳೇ. ತುಂಬಿದ ಲಾರಿಯ ಟೈರಿನಲ್ಲಿ ಗಾಳಿ ಸುಮಾರು 8 ಬಾರ್ ಇರುತ್ತದೆ. ಇಲ್ಲಿ ಭಾರ ಬಿದ್ದಾಗ ಆಯಿಲ್ ಒತ್ತಡ 200 ಬಾರ್ ದಾಟುತ್ತದೆ. ಇದನ್ನು "ಬರೀ ಎಣ್ಣೆ" ಅಂದರೆ ಹೇಗೆ?

ಹಾಗಾದರೆ ಏರಿನಲ್ಲಿ ನಿಂತುಬಿಡುತ್ತೆ ಎಂಬ ದೂರು ಎಲ್ಲಿಂದ ಬಂತು? ಕಾಲಿನಿಂದ ಬಂತು. ಏರು ಬಂದ ಕೂಡಲೇ ಜನ ಪೆಡಲನ್ನು ತಳದವರೆಗೆ ಒತ್ತುತ್ತಾರೆ, ಅದು ಆಕ್ಸಿಲರೇಟರ್ ಅಂದುಕೊಂಡು. ಅದು ಆಕ್ಸಿಲರೇಟರ್ ಅಲ್ಲ. ಪೆಡಲ್ ಪೂರ್ತಿ ಒತ್ತುವುದು ಅಂದರೆ ಟಾಪ್ ಗೇರ್ ಹಾಕಿದ ಹಾಗೆ. ಜೀಪಿನಲ್ಲಿ ತೋಟದ ಏರು ಹತ್ತುವಾಗ ಟಾಪ್ ಗೇರ್ ಹಾಕುತ್ತೀರಾ? ಇಲ್ಲ ಅಲ್ವಾ? ಇಲ್ಲೂ ಅಷ್ಟೇ. ಭಾರ ಬಿದ್ದು ಎಂಜಿನ್ ನರಳಿದರೆ ಪೆಡಲ್ ಸ್ವಲ್ಪ ಬಿಡಬೇಕು. ಬಿಟ್ಟಾಗ ವೇಗ ಇಳಿಯುತ್ತದೆ, ಎಳೆಯುವ ಬಲ ಏರುತ್ತದೆ. ಇದನ್ನು ಹತ್ತಾರು ಜನರಿಗೆ ಪಕ್ಕದಲ್ಲಿ ನಿಂತು ತೋರಿಸಿದ್ದೇನೆ. ಕಾಲು ಅರ್ಧ ಎತ್ತಿದ ಕೂಡಲೇ ನಿಂತ ಗಾಡಿ ಹೊರಟಾಗ ಅವರ ಮುಖ ನೋಡುವುದೇ ನನಗೆ ಖುಷಿ.

ಎರಡನೇ ತಪ್ಪು ರೇಂಜ್ ಲಿವರಿನದು, ಅಂದರೆ ನಿಧಾನಕ್ಕೆ ಲೋ, ವೇಗಕ್ಕೆ ಹೈ ಅಂತ ಆರಿಸುವ ಲಿವರ್. ಟ್ರೈಲರ್ ತುಂಬ ಗೊಬ್ಬರ ಹೇರಿ, ಹೈ ರೇಂಜ್‌ನಲ್ಲಿ, ಎಂಜಿನ್ ಐಡಲಿಂಗ್‌ಗಿಂತ ಸ್ವಲ್ಪ ಮೇಲಿಟ್ಟು ಏರು ಹತ್ತಿಸಿದರೆ ಒತ್ತಡ ಮಿತಿ ದಾಟಿ ರಿಲೀಫ್ ವಾಲ್ವ್ ತೆರೆಯುತ್ತದೆ. ಗಾಡಿ ಕೀರಲು ದನಿಯಲ್ಲಿ ಕೂಗುತ್ತದೆ. ಆ ಹೊತ್ತಿನಲ್ಲಿ ಎಂಜಿನ್ ಬಲ ಎಲ್ಲ ಬಿಸಿಯಾಗಿ ಆಯಿಲ್‌ಗೆ ಸೇರುತ್ತದೆ. ಆಯುಷ್ಯ ಕಡಿಮೆಯಾಗುವುದು ಆಗ. ಲೋ ರೇಂಜ್ ಹಾಕಿ, ಎಂಜಿನ್ ಮೇಲಿಟ್ಟು, ಪೆಡಲ್ ಹಗುರವಾಗಿ ಒತ್ತಿ. ಎಂಜಿನ್ ಚೆನ್ನಾಗಿ ತಿರುಗಿದರೆ ತಂಪು ಮಾಡುವ ಫ್ಯಾನೂ ಚೆನ್ನಾಗಿ ತಿರುಗುತ್ತದೆ.

ಗೇರಿನ ಗಾಡಿ ಸವೆಯುವುದೇ ಇಲ್ಲ ಅನ್ನುವವರಿಗೆ ಒಂದು ಮಾತು. ಕಣದಲ್ಲಿ, ಕಾಫಿ ಸಾಲಿನಲ್ಲಿ ಹಿಂದೆ ಮುಂದೆ ಹಿಂದೆ ಮುಂದೆ ಮಾಡಿ ಕ್ಲಚ್ ಪ್ಲೇಟ್ ಎಷ್ಟು ಸಲ ಬದಲಿಸಿದ್ದೀರಿ? ಆ ಖರ್ಚನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಂತ ಗೇರನ್ನು ನಾನು ಹಳಿಯುವುದಿಲ್ಲ. ಹೈಡ್ರೋಸ್ಟಾಟಿಕ್‌ನಲ್ಲಿ ಬಲ ಸ್ವಲ್ಪ ಜಾಸ್ತಿ ಬಿಸಿಯಾಗಿ ಹೋಗುತ್ತದೆ, ಡೀಸೆಲ್ ಸ್ವಲ್ಪ ಜಾಸ್ತಿ ಬೇಕು. ದಿನಪೂರ್ತಿ ಉಳುವವರು, ರಸ್ತೆಯಲ್ಲಿ ದೂರ ಟ್ರೈಲರ್ ಎಳೆಯುವವರು ಗೇರಿನದೇ ತಗೊಳ್ಳಲಿ. ಕಳೆ ಹೊಡೆಯುವುದು, ಸಾಲಿನ ನಡುವೆ ಸ್ಪ್ರೇ, ಲೋಡರ್ ಕೆಲಸ ಇದ್ದರೆ ಹೈಡ್ರೋಸ್ಟಾಟಿಕ್‌ನಷ್ಟು ಸುಖ ಬೇರೆ ಇಲ್ಲ.

ಇದನ್ನು ನಿಜವಾಗಿ ಕೊಲ್ಲುವುದು ಕೊಳೆ, ನೀರು, ಬಿಸಿ. ಪಿಸ್ಟನ್ ಮತ್ತು ಅದರ ಗೂಡಿನ ನಡುವಿನ ಸಂದು ತಲೆಕೂದಲಿಗಿಂತ ಸಣ್ಣದು. ಅಲ್ಲಿಗೆ ಮಣ್ಣಿನ ಕಣ ಹೋದರೆ ಗೀರುತ್ತದೆ. ಹೊಸ ಗಾಡಿಯ ಮೊದಲ ಫಿಲ್ಟರನ್ನು ಸಾಮಾನ್ಯವಾಗಿ 50 ಗಂಟೆಗೇ ಬದಲಿಸಲು ಹೇಳುವುದು ಇದಕ್ಕೇ. ಮುಂದಿನ ಲೆಕ್ಕ ನಿಮ್ಮ ಗಾಡಿಯ ಪುಸ್ತಕದಲ್ಲಿದೆ, ಅದನ್ನೇ ನಂಬಿ. ಆಯಿಲೂ ಅದರಲ್ಲಿ ಹೇಳಿದ್ದೇ ಹಾಕಿ. ಉಳಿದ ಎಂಜಿನ್ ಆಯಿಲ್ ಸುರಿಯಬೇಡಿ.

ನಮಗೆ ನೀರಿನ ಭಯ ಜಾಸ್ತಿ. ಒಂದು ಮಳೆಗಾಲ ನನ್ನ ಗಾಡಿಯ ಲಿವರಿನ ರಬ್ಬರ್ ಹರಿದಿದ್ದನ್ನು ನೋಡದೆ ಶೆಡ್ಡಿನ ಹೊರಗೇ ಬಿಟ್ಟಿದ್ದೆ. ಆಗಸ್ಟ್‌ನಲ್ಲಿ ಅಳತೆ ಕಡ್ಡಿ ಎಳೆದರೆ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಪೂರ್ತಿ ಆಯಿಲ್, ಫಿಲ್ಟರ್ ಎರಡು ಸಲ ಬದಲಿಸಬೇಕಾಯಿತು. ಸಮಯಕ್ಕೆ ಕಂಡಿದ್ದರಿಂದ ಪಂಪ್ ಉಳಿಯಿತು. ಆಯುಧಪೂಜೆಗೆ ಪ್ರೆಶರ್ ವಾಷರ್ ಹಿಡಿಯುವವರೂ ಕೇಳಿ: ಗಾಡಿ ಬಿಸಿಯಾಗಿದ್ದಾಗ ಬ್ರೀದರ್ (ಒಳಗೆ ಗಾಳಿ ಆಡುವ ಕಿಂಡಿ), ಸೀಲ್‌ಗಳ ಮೇಲೆ ನೀರು ಹೊಡೆಯಬೇಡಿ. ಕಾಫಿ ಎಲೆ, ಸಿಲ್ವರ್ ಓಕ್ ಎಲೆ ಫ್ಯಾನಿಗೆ, ಕೂಲರ್‌ಗೆ ಕಚ್ಚಿಕೊಂಡಿದ್ದರೆ ಕೈಯಿಂದ ತೆಗೆಯಿರಿ. ಡಿಸೆಂಬರ್ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ. ಸ್ಟಾರ್ಟ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಹೊರಡಿ.

ಇನ್ನು ನೀವು ನೋಡಿದ ಗಾಡಿ. ಬೆಳಿಗ್ಗೆ ತಣ್ಣಗಿರುವಾಗ ನೋಡಿ ದುಡ್ಡು ಕೊಡಬೇಡಿ. ಒಂದು ಗಂಟೆ ಕೆಲಸ ಮಾಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಲೋ ರೇಂಜ್‌ನಲ್ಲಿ ಏರು ಹತ್ತಿಸಿ. ತಣ್ಣಗಿದ್ದಾಗ ಎಳೆದು, ಬಿಸಿಯಾದ ಮೇಲೆ ಸೋತರೆ ಒಳಗೆ ಸವೆದಿದೆ ಎಂದು ಅರ್ಥ. ಬಿಟ್ಟುಬಿಡಿ. ಎರಡೂ ಹೊತ್ತು ಒಂದೇ ತರ ಎಳೆದರೆ, ಆಯಿಲ್ ಬಣ್ಣ ಸರಿಯಿದ್ದರೆ, 1,100 ಗಂಟೆಗೆ ಹೆದರದೆ ತಗೊಳ್ಳಿ.

ಇದನ್ನು ನೀವು ಕೇಳಲಿಲ್ಲ, ಆದರೆ ಏರಿನಲ್ಲಿರುವವರಿಗೆ ಹೇಳದೆ ಬಿಡಲಾರೆ. ಬ್ಯಾಟರಿ ವೀಕ್ ಆದರೆ ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ನಮ್ಮಲ್ಲಿದೆ. ಹೈಡ್ರೋಸ್ಟಾಟಿಕ್ ಗಾಡಿಯಲ್ಲಿ ಅದು ಆಗುವುದಿಲ್ಲ, ಪ್ರಯತ್ನವೂ ಬೇಡ. ಇಳಿಯುವಾಗ ಪೆಡಲ್ ಬಿಟ್ಟರೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಇದೇ ಟ್ರಾನ್ಸ್‌ಮಿಷನ್. ನಡುವೆ ರೇಂಜ್ ಲಿವರ್ ನ್ಯೂಟ್ರಲ್‌ಗೆ ತಂದರೆ ಆ ಹಿಡಿತ ಪೂರ್ತಿ ಹೋಗಿ ಗಾಡಿ ಉರುಳುತ್ತದೆ. ಅದಕ್ಕೆ ಇಳಿಜಾರು ಇಳಿಯುವ ಮೊದಲೇ ಗಾಡಿ ನಿಲ್ಲಿಸಿ ಲೋ ರೇಂಜ್ ಹಾಕಿ. ಫೋರ್ ವೀಲ್ ಕೂಡ ಹಾಕಿ, ಆಗ ಮುಂದಿನ ಚಕ್ರಗಳೂ ತಡೆಯುತ್ತವೆ. ನಿಲ್ಲಿಸಿ ಎಂಜಿನ್ ಆಫ್ ಮಾಡಿದ ಮೇಲೆ ಒಳಗಿನ ಆಯಿಲ್ ನಿಧಾನಕ್ಕೆ ಸೋರುವುದರಿಂದ ಗಾಡಿ ತಾನಾಗಿ ಜಾರಬಹುದು. ಪಾರ್ಕಿಂಗ್ ಬ್ರೇಕ್ ಎಳೆದು, ಚಕ್ರಕ್ಕೆ ಒಂದು ಕಲ್ಲು ಕೊಟ್ಟೇ ಇಳಿಯಿರಿ. ತೋಟದಲ್ಲಿ ಕೆಳಗಿನ ಸಾಲಿನಲ್ಲಿ ಯಾವಾಗಲೂ ಯಾರಾದರೂ ಕೆಲಸ ಮಾಡುತ್ತಿರುತ್ತಾರೆ.