ಮೀನಿಗೆ ಹೊಗೆ ಹಾಕಲು ಅಷ್ಟು ಎತ್ತರದ ಮನೆ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಹಳೇ ಹೊಗೆಮನೆಗಳ ಫೋಟೊ ನೋಡಿದೆ. ಒಳಗೆ ಮಹಡಿಯೇ ಇಲ್ಲ, ಬರೀ ಎತ್ತರದ ಕಪ್ಪು ಗೋಡೆ. ಮೀನಿಗೆ ಹೊಗೆ ಹಾಕಲು ಇಷ್ಟೆಲ್ಲಾ ಬೇಕಿತ್ತಾ?

ಉತ್ತರ: ಬೇಕಿತ್ತು. ಅಲ್ಲಿ ಅರ್ಧ ಕೆಲಸ ಮಾಡುವುದೇ ಆ ಎತ್ತರ.

ನಮ್ಮ ಕರಾವಳಿಯಲ್ಲಿ ಉಪ್ಪು ಹಾಕಿದ ಮೀನನ್ನು ಹರವಿಟ್ಟರೆ ಸಾಕು, ಉಳಿದಿದ್ದನ್ನು ಬಿಸಿಲೇ ನೋಡಿಕೊಳ್ಳುತ್ತದೆ. ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ ಬಂದರಿಗೆ ಹೆರಿಂಗ್ ಮೀನು ರಾಶಿ ರಾಶಿ ಬರುತ್ತಿದ್ದುದು ಅಕ್ಟೋಬರ್, ನವೆಂಬರ್‌ ಸುಮಾರಿಗೆ, ಚಳಿ ಮತ್ತು ತೇವ ಎರಡೂ ಇರುವಾಗ. ಹೆರಿಂಗ್ ನಮ್ಮ ಬೂತಾಯಿಯ ಕುಟುಂಬದ್ದೇ. ಮೈತುಂಬ ಎಣ್ಣೆ, ಅದಕ್ಕೇ ಬೇಗ ಕಮಟು ವಾಸನೆ ಬರುತ್ತದೆ. ಹೊಗೆಯಲ್ಲಿರುವ ಫೀನಾಲ್ ಎಂಬ ರಾಸಾಯನಿಕಗಳು ಆ ಎಣ್ಣೆ ಕೆಡದಂತೆ ತಡೆಯುತ್ತವೆ.

ಆದರೆ ಹೊಗೆ ಬೇಕು, ಕಾವು ಬೇಡ. ಸುಮಾರು 30 ಡಿಗ್ರಿ ದಾಟಿದರೆ ಮೀನು ಬೇಯಲು ಶುರುವಾಗುತ್ತದೆ, ಮೆತ್ತಗಾಗಿ ಕಳಚಿ ಕೆಂಡದ ಮೇಲೆ ಬೀಳುತ್ತದೆ. ಹಾಗಾಗಿ ನೆಲದಲ್ಲಿ ಓಕ್ ಮರದ ಹೊಟ್ಟು ಉರಿಯದೆ ಸುಮ್ನೆ ಹೊಗೆಯಾಡುತ್ತಿರಬೇಕು, ಮೀನು ಮೇಲೆ ನೇತಾಡಬೇಕು, ಹೊಗೆ ಅಲ್ಲಿಗೆ ಏರುವಷ್ಟರಲ್ಲಿ ತಣ್ಣಗಾಗಬೇಕು. ತಿಪಟೂರು ಕಡೆ ಕೊಬ್ಬರಿಯ ಅಟ್ಟ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ ಅಲ್ವಾ?

ಮೀನನ್ನು ನೇತುಹಾಕುವ ಕೆಲಸ ನನಗೆ ತುಂಬಾ ಇಷ್ಟವಾದದ್ದು. ‘ಸ್ಪೀಟ್’ ಎನ್ನುವ ತೆಳುವಾದ ಮರದ ಕೋಲನ್ನು ಕಿವಿರಿನಿಂದ ಬಾಯಿಗೆ ತೂರಿಸಿ, ಹೂ ಪೋಣಿಸಿದ ಹಾಗೆ ಮೀನುಗಳನ್ನು ಸಾಲಾಗಿ ಪೋಣಿಸುತ್ತಿದ್ದರು. ಆಮೇಲೆ ಆಳುಗಳು ಎರಡೂ ಕಡೆಯ ಅಡ್ಡಪಟ್ಟಿಗಳ ಮೇಲೆ ಕಾಲು ಚಾಚಿ ನಿಂತು, ಹತ್ತುತ್ತಾ ಹತ್ತುತ್ತಾ, ಕೆಳಗಿನವರು ಕೊಟ್ಟ ಕೋಲುಗಳನ್ನು ಸೂರಿನ ತನಕ ಜೋಡಿಸುತ್ತಿದ್ದರು. ಮಹಡಿ ಇಲ್ಲದಿರುವುದು ಅದಕ್ಕೇ. ಸೂರಿನಲ್ಲಿ ಹೊಗೆ ಹೋಗಲು ಕಿಂಡಿಗಳಿರುತ್ತವೆ, ಅವುಗಳನ್ನು ತೆರೆದು ಮುಚ್ಚಿ ಗಾಳಿಯನ್ನು ಹದಕ್ಕೆ ತರುತ್ತಿದ್ದರು.

ಗೋಡೆಯ ಕಪ್ಪು ಬರೀ ಮಸಿಯಲ್ಲ, ವರ್ಷಗಟ್ಟಲೆ ಕೂತ ಹೊಗೆಯ ಟಾರು.

ಯಾರ್ಮತ್‌ನ ಟವರ್ ಕ್ಯೂರಿಂಗ್ ವರ್ಕ್ಸ್ ಎಂಬ ಹೊಗೆಮನೆ 1850ರದ್ದು, 1988ರಲ್ಲಿ ಮುಚ್ಚಿತು. ಪುಣ್ಯಕ್ಕೆ ಅದನ್ನು ಕೆಡವಲಿಲ್ಲ. 2004ರಿಂದ ಮ್ಯೂಸಿಯಂ ಆಗಿದೆ, ಗೋಡೆಗಳಿಗೆ ಇನ್ನೂ ಹೆರಿಂಗ್ ವಾಸನೆ ಇದೆ. ಕೆಲಸ ನಡೆಯುವುದನ್ನೇ ನೋಡಬೇಕಿದ್ದರೆ ಉತ್ತರಕ್ಕೆ ಕ್ರಾಸ್ಟರ್ ಅನ್ನುವ ಹಳ್ಳಿ ಇದೆ. ಅಲ್ಲಿ 1856ರ ಹೊಗೆಮನೆಯಲ್ಲಿ ಈಗಲೂ ಸೀಳಿದ ಹೆರಿಂಗ್‌ಗೆ ಓಕ್ ಹೊಟ್ಟಿನ ಹೊಗೆ ಹಾಕುತ್ತಾರೆ, ಹೆಂಚಿನ ಸಂದಿಯಿಂದ ಅದು ಹೊರಬರುವುದು ಬೀದಿಗೇ ಕಾಣುತ್ತದೆ.